ಎಚ್ಚರವಾದ ಮೇಲೂ ಪರೀಕ್ಷೆ: ಕರ್ನೆಲ್‌ನಲ್ಲಿ ಕಾಯುವಿಕೆಯ ಚರಿತ್ರೆ

ಕರ್ನೆಲ್‌ನೊಳಗೆ ನಿದ್ದೆ ಹೋಗುವ ಮುನ್ನ ಥ್ರೆಡ್ ತನಗೆ ಬೇಕಾದದ್ದು ಸಿದ್ಧವಿದೆಯೇ ಎಂದು ನೋಡುತ್ತದೆ, ಇಲ್ಲವೆಂದಾದರೆ ಮಲಗುತ್ತದೆ. ನೋಡಿದ್ದಕ್ಕೂ ಮಲಗಿದ್ದಕ್ಕೂ ನಡುವಿನ ಕಿಂಡಿಯಲ್ಲಿ ಎಬ್ಬಿಸುವ ಕರೆ ಬಂದುಹೋದರೆ, ಆಮೇಲೆ ಮಲಗಿದ ಥ್ರೆಡ್ಡನ್ನು ಎಬ್ಬಿಸುವವರೇ ಇರುವುದಿಲ್ಲ. ಕಾಯುವಿಕೆಯ ಇತಿಹಾಸವನ್ನು ಮುಂದೆ ತಳ್ಳಿದ್ದು ಹೀಗೆ ಕಳೆದುಹೋಗುವ ಕರೆಯೇ ಎಂಬುದು ಈ ಲೇಖನದ ವಾದ.

1960ರ ದಶಕದಲ್ಲಿ ಡೈಕ್‌ಸ್ಟ್ರಾ ರೂಪಿಸಿದ ಸೆಮಾಫೋರ್‌ಗೆ ಈ ತೊಡಕಿರಲಿಲ್ಲ. ಕಾಯುವವರು ಯಾರೂ ಇಲ್ಲದಾಗ ಬಂದ ಸಂಕೇತವೂ ಅಲ್ಲಿ ಎಣಿಕೆಯಾಗಿ ಉಳಿಯುತ್ತದೆ. ಥಾಂಪ್ಸನ್ ಮತ್ತು ರಿಚಿ ಅವರ ಯೂನಿಕ್ಸ್ ಈ ನೆನಪನ್ನು ಇಟ್ಟುಕೊಳ್ಳಲಿಲ್ಲ. 1975ರ ಆರನೇ ಆವೃತ್ತಿಯಲ್ಲಿ ಪ್ರೊಸೆಸ್ ಒಂದು ಮೆಮೊರಿ ವಿಳಾಸದ ಹೆಸರಿನಲ್ಲಿ ಮಲಗುತ್ತಿತ್ತು. ‘ವೇಕಪ್’ 50 ಸ್ಥಾನಗಳ ಪ್ರೊಸೆಸ್ ಪಟ್ಟಿಯನ್ನು ಪೂರ್ತಿ ಜಾಲಾಡಿ, ಆ ವಿಳಾಸಕ್ಕೆ ಕಾದವರನ್ನೆಲ್ಲ ಎಬ್ಬಿಸುತ್ತಿತ್ತು. ಯಾರೂ ಮಲಗಿರದಿದ್ದರೆ ಕರೆ ಗುರುತೂ ಉಳಿಯದೆ ಹೋಗುತ್ತಿತ್ತು.

ಡಿಸ್ಕ್ ಬಫರ್ ಹಂಚುವ ಭಾಗವನ್ನು ನೋಡಿದರೆ ಇದನ್ನು ಹೇಗೆ ನಿಭಾಯಿಸಿದ್ದರೆಂದು ತಿಳಿಯುತ್ತದೆ. ಬಫರ್ ಬಳಕೆಯಲ್ಲಿದೆಯೇ ಎಂದು ನೋಡುವ ಮೊದಲೇ ಪ್ರೊಸೆಸರ್‌ನ ಆದ್ಯತೆಯ ಮಟ್ಟ ಏರಿಸಿ, ಎಬ್ಬಿಸುವ ಕರೆ ತರುವ ಡಿಸ್ಕ್ ಇಂಟರಪ್ಟನ್ನು ತಡೆದಿದ್ದಾರೆ, ಕಿಂಡಿ ಮುಚ್ಚಿತು. ಎಚ್ಚೆತ್ತ ಪ್ರೊಸೆಸ್ ಬಫರ್ ತನ್ನದೆಂದು ನಂಬುವುದಿಲ್ಲ, ‘ಗೋಟು’ ಆಜ್ಞೆಯಿಂದ ಹುಡುಕಾಟದ ಆರಂಭಕ್ಕೆ ಮರಳಿ ಹೊಸದಾಗಿ ಹುಡುಕುತ್ತದೆ. ಈ ಗೋಟು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. 1974ರಲ್ಲಿ ಹೋರ್ ವಿವರಿಸಿದ, ಒಮ್ಮೆಗೆ ಒಬ್ಬನನ್ನೇ ಒಳಬಿಡುವ ಮಾನಿಟರ್ ಎಂಬ ರಚನೆಯಲ್ಲಿ ಸಂಕೇತ ಪಡೆದವನು ತಕ್ಷಣ ಓಡುತ್ತಾನೆ, ಆದ್ದರಿಂದ ಅವನು ಕಾದ ಸ್ಥಿತಿ ಖಂಡಿತ ಇರುತ್ತದೆ. ಜೆರಾಕ್ಸ್‌ನ ಮೆಸಾ ಭಾಷೆಯ ಅನುಭವವನ್ನು 1980ರಲ್ಲಿ ಬರೆದ ಲ್ಯಾಂಪ್ಸನ್ ಮತ್ತು ರೆಡೆಲ್ ಆ ಭರವಸೆಯನ್ನು ಕೈಬಿಟ್ಟರು: ಕರೆ ಬರೀ ಸುಳಿವು, ಎದ್ದವನು ಮತ್ತೆ ಪರೀಕ್ಷಿಸಬೇಕು. ಮೆಸಾ ನಿಯಮವೆಂದು ಹೆಸರಾದ ಈ ಶಿಸ್ತು ಯೂನಿಕ್ಸ್‌ನ ಬಫರ್ ಕೋಡ್‌ನಲ್ಲಿ ಐದು ವರ್ಷ ಮೊದಲೇ, ಸಿದ್ಧಾಂತದ ಹಂಗಿಲ್ಲದೆ, ಆಚರಣೆಯಲ್ಲಿತ್ತು.

ಹಲವು ಪ್ರೊಸೆಸರ್‌ಗಳ ಯಂತ್ರಗಳು ಬಂದಾಗ ಇಂಟರಪ್ಟ್ ತಡೆಯುವ ಉಪಾಯ ಸಾಲದಾಯಿತು. ಅದು ತಡೆಯುವುದು ತನ್ನ ಪ್ರೊಸೆಸರನ್ನು ಮಾತ್ರ, ಪಕ್ಕದ್ದು ಕಿಂಡಿಯೊಳಗೆ ನುಗ್ಗಬಲ್ಲದು. ಪ್ಲಾನ್ 9 ಎಂಬ ಆಪರೇಟಿಂಗ್ ಸಿಸ್ಟಮ್‌ಗಾಗಿ ಪೈಕ್, ಪ್ರೆಸೊಟ್ಟೊ, ಥಾಂಪ್ಸನ್ ಮತ್ತು ಹೋಲ್ಜ್‌ಮನ್ 1991ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಪರೀಕ್ಷಿಸುವ ಫಂಕ್ಷನ್ನನ್ನೇ ‘ಸ್ಲೀಪ್’ಗೆ ಒಪ್ಪಿಸಲಾಗುತ್ತದೆ, ಲಾಕ್ ಹಿಡಿದು ಪರೀಕ್ಷಿಸುವುದು ‘ಸ್ಲೀಪ್’ನದೇ ಹೊಣೆ. ಕೆಲವೇ ಸಾಲುಗಳ ಆ ಕೋಡನ್ನು ಅವರು ಯಾಂತ್ರಿಕ ಪರಿಶೀಲನೆಗೂ ಒಳಪಡಿಸಿದ್ದರು. ಇದು ಅತಿ ಎಚ್ಚರವಲ್ಲ. ಇಂಥ ದೋಷ ವರ್ಷಗಟ್ಟಲೆ ಮರೆಯಲ್ಲಿದ್ದು ಒಮ್ಮೆ ಮಾತ್ರ ತಲೆಯೆತ್ತಬಹುದು.

ಫ್ರಾಂಕೆ, ರಸೆಲ್ ಮತ್ತು ಕರ್ಕ್‌ವುಡ್ 2002ರಲ್ಲಿ ಲಿನಕ್ಸ್‌ಗಾಗಿ ವಿವರಿಸಿದ ಫ್ಯೂಟೆಕ್ಸ್ ಎಂಬ ಲಾಕ್ ವಿಧಾನದಲ್ಲಿ, ಪೈಪೋಟಿ ಇಲ್ಲದಿದ್ದರೆ ಲಾಕ್‌ಗಾಗಿ ಕರ್ನೆಲ್‌ಗೆ ಹೋಗಬೇಕಾಗಿಯೇ ಇಲ್ಲ. ಹೋಗಬೇಕಾದಾಗ ಥ್ರೆಡ್ ತಾನು ಕಂಡ ಮೌಲ್ಯವನ್ನೂ ಜೊತೆಗೆ ಒಯ್ಯುತ್ತದೆ. ಕರ್ನೆಲ್ ಅದನ್ನು ಮೆಮೊರಿಯಲ್ಲಿ ಈಗಿರುವುದರೊಡನೆ ಹೋಲಿಸಿ, ಬದಲಾಗಿದ್ದರೆ ಮಲಗಿಸದೆ ವಾಪಸು ಕಳಿಸುತ್ತದೆ. ಮಲಗಿ ಎದ್ದ ಥ್ರೆಡ್‌ಗೂ ವಿನಾಯಿತಿಯಿಲ್ಲ: ಕಾರಣವಿಲ್ಲದೆಯೂ ಎಚ್ಚರವಾಗಿರಬಹುದಾದ್ದರಿಂದ ಅದು ಆ ಮೌಲ್ಯವನ್ನು ಮತ್ತೆ ಓದಲೇಬೇಕು.