ವಿರಾಮ ಅಧ್ಯಯನದಲ್ಲಿ ರೀಮಿಕ್ಸ್

ಮುದ್ರಿತ ಹಾಡನ್ನು ಬಿಡಿಬಿಡಿಯಾಗಿ ಬಿಚ್ಚಿ, ಕೆಲವು ಭಾಗಗಳನ್ನು ಕೈಬಿಟ್ಟು, ಕೆಲವನ್ನು ಹಿಗ್ಗಿಸಿ, ಬೇರೆಡೆಯ ಧ್ವನಿಗಳನ್ನು ಬೆರೆಸಿ ಮರಳಿ ಕಟ್ಟುವುದು ರೀಮಿಕ್ಸ್. ಜನ ಬಿಡುವಿನ ವೇಳೆಯನ್ನು ಹೇಗೆ ಕಳೆಯುತ್ತಾರೆ, ಆ ಬಿಡುವು ಯಾರಿಗೆ ದಕ್ಕುತ್ತದೆ, ಯಾರಿಗಿಲ್ಲ ಎಂದು ಶೋಧಿಸುವ ವಿರಾಮ ಅಧ್ಯಯನಕ್ಕೆ ಇದು 2000ದ ದಶಕದಲ್ಲಿ ಒಂದು ಸಂಶೋಧನಾ ವಿಧಾನವಾಗಿ ಬಂತು. ಜನರ ಬಿಡುವಿನ ಕೂಟಗಳಲ್ಲೇ ರೂಪುಗೊಂಡ ಕಲೆಯೊಂದು ಆ ಬಿಡುವನ್ನು ಅರಿಯುವ ಉಪಕರಣವಾದದ್ದು ಈ ಚರಿತ್ರೆಯ ವಿಶೇಷ.

ಇದರ ಬೇರು ಜಮೈಕದಲ್ಲಿದೆ. 1960ರ ದಶಕದ ಕೊನೆಯಲ್ಲಿ ಕಿಂಗ್‌ಸ್ಟನ್ ಮತ್ತು ಸ್ಪ್ಯಾನಿಷ್ ಟೌನ್‌ಗಳ ಕುಣಿತದ ಕೂಟಗಳಲ್ಲಿ, ಗಾಯನ ತೆಗೆದುಹಾಕಿದ ಮುದ್ರಿಕೆಗಳನ್ನು ದೊಡ್ಡ ಸ್ಪೀಕರ್‌ಗಳ ‘ಸೌಂಡ್ ಸಿಸ್ಟಂ’ಗಳಲ್ಲಿ ನುಡಿಸತೊಡಗಿದರು. ಖಾಲಿಬಿಟ್ಟ ಜಾಗದಲ್ಲಿ ನೆರೆದವರು ತಾವೇ ಹಾಡಿದರು, ಮೈಕ್ ಹಿಡಿದವರು ತಾಳಕ್ಕೆ ಮಾತು ಹೊಸೆದರು. ಇಂಥ ಮುದ್ರಿಕೆಗೆ ‘ವರ್ಷನ್’ ಎಂಬ ಹೆಸರು ನಿಂತಿತು. ಎಲೆಕ್ಟ್ರಾನಿಕ್ಸ್ ಕೆಲಸದಲ್ಲಿ ಪಳಗಿದ್ದ ಕಿಂಗ್ ಟಬ್ಬಿ 1970ರ ದಶಕದಲ್ಲಿ ಮಿಕ್ಸಿಂಗ್ ಡೆಸ್ಕನ್ನೇ ವಾದ್ಯದಂತೆ ಬಳಸಿ, ಪ್ರತಿಧ್ವನಿ ಮತ್ತು ಮೌನಗಳಿಂದ ‘ಡಬ್’ ಸಂಗೀತವನ್ನು ಕಟ್ಟಿದ. ಮೂಲ ಹಾಡೇ ಅಂತಿಮ ಎಂಬ ನಂಬಿಕೆ ಅಲ್ಲಿಗೆ ಸಡಿಲವಾಯಿತು. ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿದ ಡಿಜೆ ಕೂಲ್ ಹರ್ಕ್ 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ನಡೆಸಿದ ಕೂಟ ಹಿಪ್ ಹಾಪ್‌ನ ಆರಂಭವೆಂದು ಹೆಸರಾಗಿದೆ. ಅದೇ ದಶಕದಲ್ಲಿ ಟಾಮ್ ಮೌಲ್ಟನ್, ವಾಲ್ಟರ್ ಗಿಬ್ಬನ್ಸ್ ಡಿಸ್ಕೊ ಹಾಡುಗಳನ್ನು ಕುಣಿಯುವವರಿಗಾಗಿ ಉದ್ದವಾಗಿಸಿದರು.

ವಿದ್ವಾಂಸರ ಗಮನ ಇತ್ತ ಹೊರಳಿದ್ದು ಬ್ರಿಟನ್ನಿನಲ್ಲಿ. 1964ರಲ್ಲಿ ಆರಂಭವಾದ ಬರ್ಮಿಂಗ್‌ಹ್ಯಾಮ್ ಸಂಸ್ಕೃತಿ ಅಧ್ಯಯನ ಕೇಂದ್ರದ ಬಳಗ ಯುವಜನರ ಉಡುಪು, ಸಂಗೀತ, ಅಲೆದಾಟಗಳನ್ನು ಗಂಭೀರ ವಿಷಯಗಳನ್ನಾಗಿಸಿತು. ಅಲ್ಲಿ ಓದಿದ ಡಿಕ್ ಹೆಬ್ಡಿಜ್ 1987ರ ‘ಕಟ್ ಎನ್ ಮಿಕ್ಸ್’ ಗ್ರಂಥದಲ್ಲಿ ಕೆರಿಬಿಯನ್ ಸಂಗೀತದ ಮೂಲಕವೇ ಅಸ್ಮಿತೆಯ ಪ್ರಶ್ನೆಯನ್ನೆತ್ತಿದರು. ಪಾಲ್ ಗಿಲ್ರಾಯ್ 1993ರಲ್ಲಿ ಅಟ್ಲಾಂಟಿಕ್ ದಾಟಿ ಅಲೆದ ಕಪ್ಪು ಸಂಗೀತವನ್ನು ಆಧುನಿಕತೆಯ ಚರಿತ್ರೆಯ ನಡುವಿಗೇ ತಂದರು.

ರೀಮಿಕ್ಸ್ ನೇರವಾಗಿ ವಿರಾಮ ಅಧ್ಯಯನದ ವಿಧಾನವಾದದ್ದಕ್ಕೆ ಸ್ಪಷ್ಟವಾದ ನಿದರ್ಶನ ಕೆನಡಾದ ಎಡ್ಮಂಟನ್ ನಗರದ ‘ದ ಬೀಟ್ ಆಫ್ ಬಾಯ್ಲ್ ಸ್ಟ್ರೀಟ್’ ಎಂಬ ಯೋಜನೆ. ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾಗಿದ್ದ ಬ್ರೆಟ್ ಲಾಶುವಾ, ಬಹುಪಾಲು ಮೂಲನಿವಾಸಿ ಸಮುದಾಯಗಳ ಹದಿಹರೆಯದವರು ಓದುತ್ತಿದ್ದ ಶಾಲೆಯಲ್ಲಿ ಕಂಪ್ಯೂಟರ್ ಬಳಸಿ ಸಂಗೀತ ಕಟ್ಟುವುದನ್ನು ಕಲಿಸಿದರು. ಮಕ್ಕಳು ರ್‍ಯಾಪ್ ಬರೆದರು, ತಾಳ ಜೋಡಿಸಿದರು, ನಗರದಲ್ಲಿ ಮುದ್ರಿಸಿದ ಸದ್ದುಗಳ ಜೊತೆ ತಮ್ಮ ಮಾತನ್ನು ಬೆಸೆದರು. ಯುವಜನರಿಗೆ ಯಾವ ಮನರಂಜನೆ ಒಳ್ಳೆಯದೆಂದು ಹಿರಿಯರೇ ತೀರ್ಮಾನಿಸುವ ವಾಡಿಕೆಗೆ ಅವರ ಹಾಡುಗಳು ಎದುರುತ್ತರವಾದವು. ಪ್ರಶ್ನಾವಳಿಯ ಚೌಕಗಳಲ್ಲಿ ಗುರುತು ಹಾಕಿಸಿದ್ದರೆ ಇಂಥ ಮಾತು ಹೊರಬರುತ್ತಿರಲಿಲ್ಲ. ಲಾಶುವಾ ಮತ್ತು ಕರೆನ್ ಫಾಕ್ಸ್ 2007ರಲ್ಲಿ ‘ಲೀಜರ್ ಸೈನ್ಸಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಈ ಅನುಭವದಿಂದಲೇ ರೀಮಿಕ್ಸನ್ನು ಸಂಶೋಧನೆಗೆ ಜೋಡಿಸುತ್ತದೆ.

ಈ ವಿಧಾನದಲ್ಲಿ ಸಂಶೋಧಕ ದೂರ ನಿಂತ ಸಾಕ್ಷಿಯಲ್ಲ, ಅವನೂ ಮಿಕ್ಸಿಂಗ್‌ನಲ್ಲಿ ಪಾಲುಗಾರ. ಯಾವ ದನಿಯನ್ನು ಏರಿಸಿದೆ, ಯಾವುದನ್ನು ಅಳಿಸಿದೆ ಎಂಬುದಕ್ಕೆ ಅವನು ಉತ್ತರಿಸಬೇಕಾಗುತ್ತದೆ. ತೊಡಕೂ ಇಲ್ಲೇ ಇದೆ. ನೊಂದ ಸಮುದಾಯದ ಹಾಡನ್ನು ಕತ್ತರಿಸಿ ಜೋಡಿಸುವ ಹಕ್ಕು ಹೊರಗಿನವರಿಗೆ ಎಷ್ಟರಮಟ್ಟಿಗಿದೆ, ಬಂದ ಮನ್ನಣೆಯಲ್ಲಿ ಹಾಡಿದವರ ಪಾಲೆಷ್ಟು ಎಂಬ ಪ್ರಶ್ನೆಗಳಿಗೆ ಕೃತಿಸ್ವಾಮ್ಯದ ಕಾನೂನಷ್ಟೇ ಉತ್ತರ ಕೊಡಲಾರದು. ಎದ್ವಾರ್ದೊ ನವಾಸ್ 2012ರ ‘ರೀಮಿಕ್ಸ್ ಥಿಯರಿ’ಯಲ್ಲಿ ಈ ಕಲೆಯ ಚರಿತ್ರೆಯನ್ನು ವಿಸ್ತಾರವಾಗಿ ಬಿಡಿಸಿಟ್ಟಿದ್ದಾರೆ.