ಬಾಯಿಲ್ಲದವರ ಮಾತು

ಮಾತು ಬಾರದವನಿಗೆ ಹೇಳಬೇಕಾದದ್ದೂ ಏನಿಲ್ಲವೆಂದು ಲೋಕ ಬಹುಕಾಲ ನಂಬಿಕೊಂಡಿತ್ತು. ಹುಟ್ಟಿನಿಂದಲೇ ಗ್ರಹಣಶಕ್ತಿ ಹಿಂದುಳಿದ ವಯಸ್ಕರ ವಿಷಯದಲ್ಲಂತೂ ಈ ನಂಬಿಕೆ ಕಲ್ಲಿನಂತೆ ಗಟ್ಟಿಯಾಗಿತ್ತು. ಅದು ಸಡಿಲವಾದ ಬಗೆಯನ್ನು ತಿಳಿಯಬೇಕಾದರೆ, ಓದುಗರೇ, ನೀವು ನನ್ನೊಡನೆ ಇಂಗ್ಲೆಂಡಿನ ಒಂದು ಆಸ್ಪತ್ರೆಗೆ ಬರಬೇಕು.

ಸರ್ರೆ ಸೀಮೆಯ ಚರ್ಟ್ಸಿ ಪಟ್ಟಣದ ಬಳಿ ಬಾಟ್ಲೀಸ್ ಪಾರ್ಕ್ ಎಂಬ ಆಸ್ಪತ್ರೆಯಿತ್ತು. ಆಸ್ಪತ್ರೆಯೆಂದೊಡನೆ, ಕಾಯಿಲೆ ವಾಸಿಮಾಡಿಕೊಂಡು ಮನೆಗೆ ಮರಳುವ ಸ್ಥಳವೆಂದು ಭಾವಿಸಬೇಡಿ. ಇಂಥ ಸಂಸ್ಥೆಗಳಿಗೆ ಎಳೆಯ ವಯಸ್ಸಿನಲ್ಲಿ ಸೇರಿದ ಅನೇಕರು ಅಲ್ಲಿಯೇ ಮುದುಕರಾದರು. 1969ರಲ್ಲಿ ಕಾರ್ಡಿಫ್ ನಗರದ ಈಲಿ ಆಸ್ಪತ್ರೆಯ ವಿಚಾರಣಾ ವರದಿ ಪ್ರಕಟವಾದಾಗ, ಇಂಥ ಗೋಡೆಗಳ ಹಿಂದಿನ ಹಿಂಸೆ, ಅಲಕ್ಷ್ಯಗಳು ಬಯಲಿಗೆ ಬಂದವು. ಮರುವರ್ಷದ ಒಂದು ಶಾಸನ, ಎಷ್ಟೇ ತೀವ್ರವಾದ ಕೊರತೆಯಿದ್ದರೂ ಎಲ್ಲ ಮಕ್ಕಳಿಗೂ ಶಿಕ್ಷಣದ ಬಾಗಿಲನ್ನು ತೆರೆಯಿತು. ಒಳ್ಳೆಯದೇ ಆಯಿತು. ಆದರೆ ಶಾಲೆಯ ವಯಸ್ಸು ಮೀರಿದವರ ಪಾಡೇನು?

ಬಾಟ್ಲೀಸ್ ಪಾರ್ಕಿನಲ್ಲಿದ್ದ ಮಾರ್ಗರೆಟ್ ವಾಕರ್ ಎಂಬ ವಾಕ್‌ಚಿಕಿತ್ಸಕಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಗ್ರಹಣಶಕ್ತಿಯ ಕೊರತೆಯ ಜೊತೆಗೆ ಕಿವಿಯೂ ಕೇಳದಿದ್ದ 14 ಮಂದಿ ವಯಸ್ಕರು ಆ ಆಸ್ಪತ್ರೆಯಲ್ಲಿದ್ದರು. 1972-73ರಲ್ಲಿ ಆಕೆ ಅವರಿಗೆ ಸನ್ನೆಗಳನ್ನು ಕಲಿಸಿ ನೋಡಿದರು. ಕಿವುಡರ ಸಂಘವೊಂದರಿಂದ ಆಸ್ಪತ್ರೆಗಳಿಗೆ ಭೇಟಿ ಕೊಡುತ್ತಿದ್ದ ಕ್ಯಾಥಿ ಜಾನ್‌ಸ್ಟನ್ ಮತ್ತು ಟೋನಿ ಕಾರ್ನ್‌ಫೋರ್ತ್ ಅವರಿಗೆ ನೆರವಾದರು. ಮೂವರ ಹೆಸರಿನ ತುಣುಕುಗಳನ್ನು ಹೊಸೆದು ಆ ಪದ್ಧತಿಗೆ ಮ್ಯಾಕಟಾನ್ ಎಂದು ಹೆಸರಿಟ್ಟರು.

ಅದರ ಗುಟ್ಟು ಬಹಳ ಸರಳ. “ನಿನಗೆ ಚಹ ಬೇಕೆ?” ಎಂದು ಬಾಯಿಯಿಂದ ಕೇಳುತ್ತಲೇ, ‘ಚಹ’, ‘ಬೇಕು’ ಎಂಬ ಮುಖ್ಯ ಪದಗಳಿಗೆ ಮಾತ್ರ ಕೈಸನ್ನೆ ಮಾಡುವುದು. ಸನ್ನೆಗಳು ಬ್ರಿಟನ್ನಿನ ಕಿವುಡರ ಭಾಷೆಯಿಂದಲೇ ಬಂದವು. ಸುಮಾರು 350 ಪದಗಳನ್ನು ಆಯ್ದು, ದಿನದ ಅಗತ್ಯಗಳಿಗೆ ಹತ್ತಿರವಾದವುಗಳನ್ನು ಮೊದಲಿಟ್ಟು, ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದರು. ದೊಡ್ಡವರಿಗಾಗಿ ಹುಟ್ಟಿದ ಈ ಪದ್ಧತಿಯನ್ನು ಆಮೇಲೆ ಮಕ್ಕಳಿಗೂ ಹೊಂದಿಸಿಕೊಂಡರು. ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾಗಿಯೇ ನಡೆಯುವುದು ಲೋಕರೂಢಿ.

ಆದರೆ ಸನ್ನೆಯೆಂಬುದು ಗಾಳಿಯಲ್ಲಿ ಮೂಡಿ ಗಾಳಿಯಲ್ಲೇ ಕರಗುತ್ತದೆ. ಕೈ ಸ್ವಾಧೀನದಲ್ಲಿಲ್ಲದವರಿಗೆ ಅದೂ ಸಾಧ್ಯವಿಲ್ಲ. ಆದುದರಿಂದ 1980ರ ದಶಕದಲ್ಲಿ ಸನ್ನೆಗಳ ಜೊತೆಗೆ ಕಪ್ಪು ಗೆರೆಯ ಚಿತ್ರಗಳು ಬಂದವು. ಚಿತ್ರ ಎದುರಿಗೆ ನಿಲ್ಲುತ್ತದೆ. ನೋಡಲು, ಯೋಚಿಸಲು, ಬೆರಳಿಟ್ಟು ತೋರಿಸಲು ಬಿಡುವು ಕೊಡುತ್ತದೆ.

ಚಿಹ್ನೆಗಳ ಈ ಕಲ್ಪನೆಗೆ ಇನ್ನೊಂದು ವಂಶಾವಳಿಯೂ ಉಂಟು. ನಾಜಿಗಳ ಡಾಖಾವ್, ಬುಖನ್‌ವಾಲ್ಡ್ ಶಿಬಿರಗಳಿಂದ ಬದುಕಿ ಬಂದ ಚಾರ್ಲ್ಸ್ ಬ್ಲಿಸ್, ಶಾಂಘೈ ನಗರದಲ್ಲಿ ಚೀನೀ ಲಿಪಿಗೆ ಮನಸೋತು, ಜನಾಂಗಗಳ ನಡುವಣ ದ್ವೇಷ ಕಳೆಯುವ ಚಿತ್ರಲಿಪಿಯೊಂದನ್ನು ಕಟ್ಟಿ 1949ರಲ್ಲಿ ಪ್ರಕಟಿಸಿದ. ಲೋಕ ತಿರುಗಿಯೂ ನೋಡಲಿಲ್ಲ. 1971ರಲ್ಲಿ ಕೆನಡಾದ ಟೊರಾಂಟೊ ನಗರದ ಶಿಕ್ಷಕಿ ಶರ್ಲಿ ಮ್ಯಾಕ್‌ನಾಟನ್ ಅದನ್ನು ಮಾತನಾಡಲಾರದ ಮಕ್ಕಳಿಗೆ ಕಲಿಸಿದರು. ಮಕ್ಕಳು ಅದರಲ್ಲಿ ಮಾತನಾಡಿದರು. ಬ್ಲಿಸ್ ಮೊದಲು ಹಿಗ್ಗಿದ. ಆಮೇಲೆ, ತನ್ನ ಚಿಹ್ನೆಗಳನ್ನು ತಿದ್ದಿದರೆಂದು ಜಗಳಕ್ಕೆ ನಿಂತ!

ಚಿತ್ರ ನೋಡಿ ಅಭಿಪ್ರಾಯ ಹೇಳುವುದು ನಮಗೇನೂ ಹೊಸತಲ್ಲ. 1951-52ರ ಮಹಾಚುನಾವಣೆಯಲ್ಲಿ ಓದುಬರಹ ಅರಿಯದ ಕೋಟ್ಯಂತರ ಮಂದಿ ಪೆಟ್ಟಿಗೆಯ ಮೇಲಿನ ಚಿಹ್ನೆ ನೋಡಿಯೇ ಮತ ಹಾಕಿದರು. ಆದರೆ ಕಣದಲ್ಲಿಲ್ಲದವನಿಗೆ ಮತ ಹಾಕುವಂತಿರಲಿಲ್ಲ. ಚಿಹ್ನೆಯ ಫಲಕಕ್ಕೂ ಇದೇ ಮಿತಿ: ಅದರಲ್ಲಿ ಬರೆಯದ ಮಾತನ್ನು ಆಡುವಂತಿಲ್ಲ. ಊಟ, ನೀರು, ಕಕ್ಕಸು ಇವಷ್ಟನ್ನೇ ಬರೆದುಕೊಟ್ಟರೆ, “ಇವರ ಜೊತೆ ಇರಲಾರೆ” ಎಂದು ಅವನು ಹೇಳುವುದು ಹೇಗೆ? ಫಲಕ ಬರೆಯುವವನ ಕೈಯಲ್ಲಿ ಇಷ್ಟು ಅಧಿಕಾರವಿರುವುದನ್ನು ನಾವು ಮರೆಯುವಂತಿಲ್ಲ.

1998ರಲ್ಲಿ ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ಮಾತಿನ ಚಾಪೆ’ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಮುಂದಿಟ್ಟಿತು. ಚಾಪೆಯ ಮೇಲ್ಭಾಗದಲ್ಲಿ ಇಷ್ಟ, ಅನುಮಾನ, ಇಷ್ಟವಿಲ್ಲ ಎಂಬ ಗುರುತುಗಳು. ಒಂದೊಂದೇ ಚಿತ್ರವನ್ನು ಕೊಟ್ಟು, ಎಲ್ಲಿಡುತ್ತೀರಿ ಎಂದು ಕೇಳುವುದು. ಮನೆ, ಕೆಲಸ, ಜೊತೆಗಾರರು ಎಲ್ಲದರ ಬಗೆಗೂ ಕೇಳಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳ 2005ರ ಶಾಸನವೊಂದು ಇದಕ್ಕೆ ಕಾನೂನಿನ ಬಲವನ್ನೂ ಕೊಟ್ಟಿತು: ಸಾಧ್ಯವಿರುವ ನೆರವನ್ನೆಲ್ಲ ಕೊಟ್ಟು ನೋಡುವ ಮೊದಲು, ಒಬ್ಬ ವಯಸ್ಕನನ್ನು ತನ್ನ ವಿಷಯ ತಾನು ತೀರ್ಮಾನಿಸಲಾರದವನೆಂದು ಎಣಿಸಕೂಡದು. ಆ ನೆರವಿನಲ್ಲಿ ಸರಳವಾದ ಮಾತೂ ಸೇರಿದೆ, ಚಿತ್ರವೂ ಸೇರಿದೆ.