ಮಾರ್ಮಗೋವೆಯ ವ್ಯಾಪಾರಮಾರ್ಗವೂ ಗೋವೆಯ ಪ್ರಜಾಹಕ್ಕುಗಳೂ

ಒಂದು ರಾಜ್ಯವು ಪರರಾಜ್ಯಕ್ಕೆ ವ್ಯಾಪಾರದ ಸವಲತ್ತುಗಳನ್ನು ಕೊಡುವಾಗ, ಅಲ್ಲಿಯ ಪ್ರಭುಗಳು ತಮ್ಮ ಪ್ರಜೆಗಳನ್ನು ಹೇಗೆ ನಡೆಯಿಸಿಕೊಳ್ಳುವರೆಂಬುದನ್ನು ನೋಡತಕ್ಕುದೋ ಅಲ್ಲವೋ ಎಂಬ ಪ್ರಶ್ನೆಯು ನಮ್ಮ ಪ್ರಾಚೀನ ನೀತಿಗ್ರಂಥಗಳಲ್ಲಿ ಎದ್ದಂತೆ ಕಾಣುವುದಿಲ್ಲ. ರಾಷ್ಟ್ರಕ್ಕೆ ಪೀಡಾಕರವಾದ ಸರಕನ್ನು ತಡೆಯಬೇಕೆಂದೂ, ಮಹೋಪಕಾರಿಯಾದುದನ್ನು ಸುಂಕವಿಲ್ಲದೆ ಬರಗೊಡಬೇಕೆಂದೂ ಕೌಟಿಲ್ಯನು ಶುಲ್ಕಾಧ್ಯಕ್ಷಪ್ರಕರಣದಲ್ಲಿ ವಿಧಿಸಿದ್ದಾನೆ. ಅಲ್ಲಿ ವಿಚಾರವು ಸರಕಿನ ಗುಣದೋಷಗಳಿಗೆ ಸಂಬಂಧಿಸಿದ್ದು. ಸರಕನ್ನು ಕಳುಹುವ ಅರಸನ ನಡತೆಗೆ ಸಂಬಂಧಿಸಿದ್ದಲ್ಲ.

ಮುಂದಿನ ಕಾಲದಲ್ಲಿಯೂ ಪದ್ಧತಿಯು ಹೀಗೆಯೇ ಇದ್ದಿತು. 1547ರಲ್ಲಿ ವಿಜಯನಗರದ ಸದಾಶಿವರಾಯನ ಕಾಲಕ್ಕೆ ಪೋರ್ತುಗೀಜರೊಡನೆ ಆದ ಒಡಂಬಡಿಕೆಯಲ್ಲಿ, ಗೋವೆಗೆ ಬಂದ ಕುದುರೆಗಳು ವಿಜಯನಗರಕ್ಕೆ ಸಲ್ಲಬೇಕು, ಬಿಜಾಪುರಕ್ಕೆ ಸಲ್ಲಬಾರದು ಎಂಬ ಕಟ್ಟಳೆಯಿದ್ದಿತು. ಇದು ಶತ್ರುವಿನ ಬಲವನ್ನು ಕುಂದಿಸುವ ಉಪಾಯ. ಪ್ರಜಾರಕ್ಷಣೆಯ ಮಾತು ಅದರಲ್ಲಿಲ್ಲ.

ಧಾರವಾಡ ಸೀಮೆಗೆ ನೇರವಾಗಿ ತಗಲಿದ ಒಡಂಬಡಿಕೆಯು 1878ರ ಡಿಸೆಂಬರ 26ರಂದು ಲಿಸ್ಬನ್ ನಗರದಲ್ಲಿ ಆಂಗ್ಲರಿಗೂ ಪೋರ್ತುಗೀಜರಿಗೂ ಆದುದು. ಇದು 1880ರಲ್ಲಿ ಜಾರಿಗೆ ಬಂದು 1892ರ ವರೆಗೆ ನಡೆಯಿತು. ಇದರಂತೆ ಬ್ರಿಟಿಷ್ ಹಿಂದುಸ್ತಾನಕ್ಕೂ ಗೋವೆಗೂ ನಡುವಿನ ಸುಂಕದ ಗಡಿಯು ಇಲ್ಲವಾಯಿತು. ಗೋವೆಯ ಉಪ್ಪಿನ ಹತೋಟಿಯು ಆಂಗ್ಲ ಸರಕಾರದ ಕೈಸೇರಿತು. ಪ್ರತಿಫಲವಾಗಿ ಪೋರ್ತುಗೀಜ ಸರಕಾರಕ್ಕೆ ವರ್ಷಕ್ಕೆ 4 ಲಕ್ಷ ರೂಪಾಯಿ ಸಲ್ಲತೊಡಗಿತು. ಮಾರ್ಮಗೋವೆಯ ಬಂದರೂ ಅಲ್ಲಿಂದ ಘಟ್ಟವನ್ನೇರುವ ರೈಲುಮಾರ್ಗವೂ ಈ ಒಡಂಬಡಿಕೆಯ ಫಲಗಳೇ. 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಧಾರವಾಡದಲ್ಲಿ ತನ್ನ ಮುಖ್ಯ ಕಚೇರಿಯನ್ನಿಟ್ಟಿತು. ಕರ್ನಾಟಕ ಕಾಲೇಜಿನ ಪ್ರಧಾನ ಕಟ್ಟಡವು ಮೊದಲು ಆ ಕಚೇರಿಯೇ ಆಗಿತ್ತು. ಹುಬ್ಬಳ್ಳಿಯಲ್ಲಿ ಕಂಪನಿಯ ಕಾರ್ಖಾನೆಯು ಬೆಳೆಯಿತು. 1888ರಲ್ಲಿ ಕ್ಯಾಸಲ್‌ರಾಕಿನ ಮೂಲಕ ಸಮುದ್ರದ ವರೆಗೆ ಮಾರ್ಗವು ಸಂಧಿಸಲು, ಧಾರವಾಡ ಸೀಮೆಯ ಹತ್ತಿಗೂ ಮುಂದೆ ಸಂಡೂರಿನ ಮ್ಯಾಂಗನೀಸ್ ಅದಿರಿಗೂ ಹತ್ತಿರದ ಬಂದರು ದೊರೆಯಿತು.

ಈ ಲಾಭದ ಇನ್ನೊಂದು ಮುಖವೂ ಗಮನಾರ್ಹವಾಗಿದೆ. ಗೋವೆಯ ಉಪ್ಪಿನ ಕಸುಬಿಗೆ ನಿರ್ಬಂಧಗಳು ಬಿದ್ದವು; ಹೊಸ ಅಬಕಾರಿ ಪದ್ಧತಿಯಿಂದ ಹೆಂಡ ಇಳಿಸುವವರಲ್ಲಿ ಅಸಮಾಧಾನವು ಹಬ್ಬಿತು. ಕರಾರು ಮಾಡಿದ ಎರಡು ಸರಕಾರಗಳೂ ಈ ಜನರ ಸಮ್ಮತಿಯನ್ನು ಕೇಳಿರಲಿಲ್ಲ.

ಪ್ರಜೆಗಳ ಹಕ್ಕನ್ನು ಕಾರಣವಾಗಿಟ್ಟು ಭಾರತವು ವ್ಯಾಪಾರವನ್ನು ನಿಲ್ಲಿಸಿದ್ದು 1946ರಲ್ಲಿ. ದಕ್ಷಿಣ ಆಫ್ರಿಕೆಯು ಅಲ್ಲಿಯ ಭಾರತೀಯರ ಭೂಸ್ವಾಮ್ಯವನ್ನು ಕುಗ್ಗಿಸುವ ಶಾಸನ ಮಾಡಲು, ಭಾರತ ಸರಕಾರವು ಅದೇ ಜುಲೈ ತಿಂಗಳಲ್ಲಿ ಆ ರಾಜ್ಯದೊಡನೆ ವ್ಯಾಪಾರವನ್ನು ನಿಷೇಧಿಸಿತು. ಅಮೆರಿಕೆಯು ದೇಶಬಿಟ್ಟು ಹೋಗುವ ಪ್ರಜೆಯ ಸ್ವಾತಂತ್ರ್ಯವನ್ನು ಸುಂಕದ ರಿಯಾಯತಿಗೆ ನಿಬಂಧನೆಯಾಗಿ ಮಾಡಿದ್ದು 1974ರ ವ್ಯಾಪಾರಶಾಸನದಿಂದ. ಭಾರತದ ಕ್ರಮವು ಅದಕ್ಕಿಂತ 28 ವರ್ಷ ಹಿಂದಿನದು.

ಅದೇ 1946ರ ಜೂನ್ 18ರಂದು ಮಡಗಾವಿಯಲ್ಲಿ ರಾಮಮನೋಹರ ಲೋಹಿಯಾ ಅವರು ನಾಗರಿಕ ಸ್ವಾತಂತ್ರ್ಯಕ್ಕಾಗಿ ಸಭೆಯನ್ನು ಕೂಡಿಸಿ ಬಂಧಿತರಾದರು. ಸರಕಾರದ ಅಪ್ಪಣೆಯಿಲ್ಲದೆ ಗೋವೆಯಲ್ಲಿ ಸಭೆ ನಡೆಯುವಂತಿರಲಿಲ್ಲ. ಪತ್ರಿಕೆಗಳ ಮೇಲೆ ಕಟ್ಟುನಿಟ್ಟಿನ ಪರಿಶೀಲನೆಯಿದ್ದಿತು. ತ್ರಿಸ್ತಾಂವ್ ದ ಬ್ರಾಗಾಂಸಾ ಕುನ್ಯ ಅವರಿಗೆ 8 ವರ್ಷಗಳ ಶಿಕ್ಷೆ ವಿಧಿಸಿ ಪೋರ್ತುಗಾಲದ ಪೆನಿಶೆ ಕೋಟೆಗೆ ಸಾಗಿಸಿದರು. 1955ರ ಅಗಸ್ಟ 15ರಂದು ಗಡಿಯನ್ನು ದಾಟಿದ ನಿರಾಯುಧ ಸತ್ಯಾಗ್ರಹಿಗಳ ಮೇಲೆ ಪೋರ್ತುಗೀಜರು ಗುಂಡು ಹಾರಿಸಲು ಇಪ್ಪತ್ತಕ್ಕೂ ಹೆಚ್ಚು ಜನ ಮಡಿದರು. ಆ ಮೇಲೆ ಭಾರತವು ರಾಜತಾಂತ್ರಿಕ ಸಂಬಂಧವನ್ನು ಕಡಿದು, ರೈಲನ್ನೂ ವ್ಯಾಪಾರವನ್ನೂ ತಡೆಯಿತು. ಹುಬ್ಬಳ್ಳಿಯಿಂದ ಹೊರಟ ಸರಕಿಗೆ ಕ್ಯಾಸಲ್‌ರಾಕಿನಾಚೆ ಹಾದಿಯಿಲ್ಲವಾಯಿತು. ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೊ ಅವರು ನಡೆಸಿದ ಗುಪ್ತ ಆಕಾಶವಾಣಿಯು ಆ ವರ್ಷದ ನವೆಂಬರಿನಲ್ಲಿ ಅಂಬೋಲಿಯ ಕಾಡಿನಲ್ಲಿ ಆರಂಭವಾಗಿ, ಮುಂದೆ ಇದೇ ಕ್ಯಾಸಲ್‌ರಾಕಿನ ಅಡವಿಯಿಂದ 1961ರ ವರೆಗೆ ಗೋವೆಯ ಜನರಿಗೆ ಸುದ್ದಿಯನ್ನು ಮುಟ್ಟಿಸಿತು.

ಈ ನಿಷೇಧದ ಫಲವೇನೆಂಬುದು ವಿಚಾರಣೀಯವಾಗಿದೆ. ಘಟ್ಟದ ಮೇಲಿನಿಂದ ಬರುತ್ತಿದ್ದ ಆಹಾರಪದಾರ್ಥಗಳು ನಿಂತವು. ಮುಂಬಯಿಯಲ್ಲಿ ದುಡಿಯುತ್ತಿದ್ದ ಗೋವೆಯವರು ಮನೆಗೆ ಕಳುಹುತ್ತಿದ್ದ ಹಣಕ್ಕೂ ತಡೆ ಬಂದಿತು. ಬಡವರ ಮನೆಗಳಿಗೆ ಇದರ ಬಿಸಿ ಮೊದಲು ತಟ್ಟಿತೆಂಬುದು ಸಹಜವೇ. ಆದರೆ ಸರಕಾರದ ಬೊಕ್ಕಸವು ಬರಿದಾಗಲಿಲ್ಲ. ಗೋವೆಯ ಕಬ್ಬಿಣದ ಅದಿರು ಒಳನಾಡಿನ ಗಣಿಗಳಿಂದ ಮಾಂಡವಿ ಮತ್ತು ಜುವಾರಿ ನದಿಗಳಲ್ಲಿ ದೋಣಿಗಳ ಮೂಲಕ ಬಂದರಿಗೆ ಇಳಿಯುತ್ತಿತ್ತು. ಅದಕ್ಕೆ ಭಾರತದ ರೈಲು ಬೇಕಿರಲಿಲ್ಲ. ಜಪಾನಕ್ಕೆ ಹೋದ ಆ ಅದಿರಿನ ಆದಾಯದಿಂದ ಸರಕಾರವು ಸಿಲೋನಿನ ಚಹವನ್ನೂ ಹಾಲೆಂಡಿನ ಬಟಾಟೆಯನ್ನೂ ಜಪಾನದ ಸಿಮೆಂಟನ್ನೂ ತರಿಸಿತು. ಕಡೆಗೆ ಗೋವೆಯು ಬಿಡುಗಡೆಯಾದದ್ದು 1961ರ ಡಿಸೆಂಬರ 18 ಮತ್ತು 19ರ ಸೈನಿಕ ಕಾರ್ಯಾಚರಣೆಯಿಂದ.

ಇದರಿಂದ ನಿಷೇಧವು ವ್ಯರ್ಥವಾಯಿತೆಂದು ಹೇಳುವುದು ಆತುರದ ನಿರ್ಣಯವಾದೀತು. ಗುಂಡು ಹಾರಿಸಿದ ಸರಕಾರದೊಡನೆ ಎಂದಿನಂತೆ ಕೊಡುಕೊಳೆ ನಡೆದಿದ್ದರೆ, ಸತ್ತವರ ವಿಷಯದಲ್ಲಿ ಭಾರತದ ಮಾತಿಗೆ ತೂಕವಿರುತ್ತಿರಲಿಲ್ಲ. ಆ ಮಾತನ್ನು ಉಳಿಸಿಕೊಳ್ಳಲು ಹುಬ್ಬಳ್ಳಿಯ ಪೇಟೆಯೂ ಹತ್ತಿರದ ಬಂದರನ್ನು ಬಿಟ್ಟುಕೊಡಬೇಕಾಯಿತು. ಆದರೂ ಎರಡು ಕಾಲಗಳನ್ನು ಹೋಲಿಸಿದಾಗ ಒಂದು ಅಂಶವು ಸ್ಪಷ್ಟವಾಗುತ್ತದೆ. 1878ರಲ್ಲಿ ಸವಲತ್ತನ್ನು ಕೊಟ್ಟಾಗ ಗೋವೆಯ ಜನರು ಲೆಕ್ಕಕ್ಕೆ ಬರಲಿಲ್ಲ. 1955ರಲ್ಲಿ ಅದನ್ನು ಕಿತ್ತುಕೊಂಡಾಗ ಅವರ ಹೆಸರು ಮುಂದೆ ಬಂದಿತು, ಭಾರವೂ ಬಹುಪಾಲು ಅವರ ಮೇಲೆಯೇ ಬಿದ್ದಿತು. ಪ್ರಜಾಹಕ್ಕಿಗಾಗಿ ವ್ಯಾಪಾರವನ್ನು ತಡೆಯುವ ರಾಜ್ಯವು ಪೀಡಕನ ಆದಾಯವು ಯಾವ ಹಾದಿಯಲ್ಲಿ ಹರಿಯುತ್ತದೆಂಬುದನ್ನು ಮೊದಲು ಅರಿಯಬೇಕು. ಇಲ್ಲದಿದ್ದರೆ ಪೀಡಿತನ ಗಂಜಿಯ ಹಾದಿಯೇ ಮುಚ್ಚಿಹೋಗುವುದೆಂಬ ಪಾಠವು ಮಾರ್ಮಗೋವೆಯ ಇತಿಹಾಸದಲ್ಲಿದೆ.